ಎಣ್ಣೆಯ ತೊಟ್ಟಿಗೆ ನಾನು ಸುರಿದದ್ದು

ಅಣ್ಣನ ಇಂಜಿನ್ನು ಕೊಬ್ಬರಿ ಎಣ್ಣೆಯಲ್ಲಿ ಓಡಿದ ಮೊದಲ ದಿನ ಬಾವಿಯ ಸುತ್ತ ಕಜ್ಜಾಯ ಕರಿದ ವಾಸನೆ ತುಂಬಿಕೊಂಡಿತ್ತು. ಕೆರೆ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, "ಏನಕ್ಕಾ, ಹಬ್ಬ ಇಲ್ದೆ ಹುಣ್ಣಿಮೆ ಇಲ್ದೆ ಬಾಂಡ್ಲಿ ಇಟ್ಟಿದ್ದೀರಾ?" ಎಂದು ಕೂಗಿದಳು. ನಾನು ಬಾಯಿ ತೆರೆಯುವ ಮೊದಲೇ ಇಂಜಿನ್ ಮನೆಯ ಒಳಗಿಂದ ಅಣ್ಣ, "ಇಂಜಿನ್ನಿಗೆ ಹಬ್ಬ ಕಣವ್ವ, ನಮಗಲ್ಲ!" ಎಂದು ನಕ್ಕ. ಅವನು ಅಷ್ಟು ಜೋರಾಗಿ ನಕ್ಕಿದ್ದನ್ನು ಅತ್ತಿಗೆ ಹೋದ ಮೇಲೆ ನಾನು ಕೇಳಿದ್ದು ಅವತ್ತೇ.

ಅಣ್ಣ ಹಿಂದೆ ಇಂಜಿನ್ ರಿಪೇರಿ ಮಾಡುತ್ತಿದ್ದವನು. ತೋಟಗಳಿಗೆ ಕರೆಂಟು ಬರುವ ಮುಂಚೆ ನೊಣವಿನಕೆರೆಯ ಸುತ್ತಮುತ್ತ ಯಾರ ಬಾವಿಯಲ್ಲಿ ಇಂಜಿನ್ ಕೆಟ್ಟರೂ ಸ್ಪಾನರ್ ಚೀಲವನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಅವನೇ ಹೋಗಬೇಕಿತ್ತು. ಆಮೇಲೆ ಬೋರ್‌ವೆಲ್ ಬಂದವು, ನೀರಿನೊಳಗೆ ಇಳಿಬಿಡುವ ಮೋಟರುಗಳು ಬಂದವು, ಅವನನ್ನು ಕರೆಯುವವರು ಇಲ್ಲವಾದರು. ಇರುವ ತೆಂಗಿನ ಮರಗಳನ್ನು ನೋಡಿಕೊಂಡು ಸುಮ್ಮನಿದ್ದ. ಅತ್ತಿಗೆ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ನನ್ನ ಗಂಡ ಹೋಗಿ, ಮಗಳನ್ನು ದಬ್ಬೇಘಟ್ಟದ ಕಡೆಗೆ ಕೊಟ್ಟ ಮೇಲೆ ನಾನು ಅಣ್ಣನ ಮನೆಗೇ ಬಂದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬೇರೆಯವರ ಮನೆಯ ಮಾತಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಇದು ನಾನೇ ಮಾಡಿದ ಕೆಲಸ.

ಹೇಮಾವತಿ ನೀರು ಕೆರೆಗೆ ಹರಿದ ಮೇಲೆ ಏರಿಯ ಕೆಳಗಿದ್ದ ನಮ್ಮ ಹಳೆಯ ತೆರೆದ ಬಾವಿಯಲ್ಲಿ ಮತ್ತೆ ನೀರು ಕಂಡಿತು. ಕೈ ಹಾಕಿದರೆ ಸಿಗುವಷ್ಟು ಮೇಲಕ್ಕೆ ಬಂದಿತ್ತು. ಅಲ್ಲಿಗೆ ಕರೆಂಟಿನ ಕಂಬ ಇರಲಿಲ್ಲ. ಅಣ್ಣ ಹಟ್ಟಿಯ ಮೂಲೆಯಲ್ಲಿ ಗೋಣಿ ಹೊದ್ದು ಮಲಗಿದ್ದ ಹಳೆಯ ಡೀಸೆಲ್ ಇಂಜಿನ್ನನ್ನು ಹೊರಗೆಳೆದು, ತೊಳೆದು, ಬಾವಿಯ ಬಳಿ ಕೂರಿಸಿದ. ಹೊಸದಾಗಿ ನೆಟ್ಟ ತೆಂಗಿನ ಸಸಿಗಳಿಗೆ ಅದರಿಂದಲೇ ನೀರು ಹಾಯಿಸುತ್ತಿದ್ದ. ಅಷ್ಟೇ ಆಗಿದ್ದರೆ ಏನೂ ತೊಂದರೆಯಾಗುತ್ತಿರಲಿಲ್ಲ.

ಒಂದು ವಾರ ಬಂಕಿನಲ್ಲಿ ಡೀಸೆಲ್ ಸಿಗಲಿಲ್ಲ. ಎಲ್ಲೋ ದೂರದ ದೇಶದಲ್ಲಿ ಗಲಾಟೆ, ಹಡಗು ಬರುತ್ತಿಲ್ಲ ಎಂದು ಟೀವಿಯಲ್ಲಿ ಹೇಳಿದರು. ಬಂಕಿನ ಮುಂದೆ ಹಗ್ಗ ಕಟ್ಟಿ ಸ್ಟಾಕ್ ಇಲ್ಲ ಎಂದು ಹಲಗೆ ನಿಲ್ಲಿಸಿದ್ದರು. ಹಾಲಿನ ವ್ಯಾನು ಬಾರದೆ ಡೈರಿಗೆ ಹಾಕಿದ ಹಾಲನ್ನು ಜನ ವಾಪಸು ಹೊತ್ತುಕೊಂಡು ಬಂದರು. ತಿಪಟೂರಿಗೆ ಹೋಗುವ ಬಸ್ಸು ಒಂದೇ ಹೊತ್ತು ಓಡಿತು. ಎಳನೀರು ತುಂಬಿದ್ದ ಲಾರಿಯೊಂದು ನಮ್ಮ ತೋಟದ ಪಕ್ಕದಲ್ಲೇ ನಿಂತು, ಮೇಲಿನ ಕಾಯಿ ಬಿಸಿಲಿಗೆ ಬಾಡಿಹೋದವು. ಅಣ್ಣ ದಿನಾ ಹೋಗಿ ಆ ಲಾರಿಯನ್ನು ನೋಡಿಕೊಂಡು ಬರುತ್ತಿದ್ದ. ಆಮೇಲೆ ಡೀಸೆಲ್ ಬಂತು, ಜನ ಮರೆತರು. ಅವನು ಮರೆಯಲಿಲ್ಲ.

ಪಕ್ಕದ ತೋಟದಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದವನು ಒಬ್ಬನಿದ್ದ. ನಮಗಿಂತ ಚಿಕ್ಕವನು, ಬಾಯಿ ಸ್ವಲ್ಪ ಜಾಸ್ತಿ. ಅಣ್ಣ ಅವನಿಗೆ ಹೇಳುತ್ತಿದ್ದುದು ನನಗೆ ಅಡುಗೆಮನೆಯಿಂದ ಕೇಳಿಸುತ್ತಿತ್ತು.

"ನಮ್ ಬಾವಿ ನೀರು ಎತ್ತಾಕೆ ಯಾವನೋ ಸಮುದ್ರದ ಆಚೆಯಿಂದ ಎಣ್ಣೆ ಕಳಿಸ್ಬೇಕೇನ್ಲಾ? ಅಟ್ಟದ ಮ್ಯಾಲೆ ಎಣ್ಣೆ ಇಟ್ಕಂಡು ಬಂಕಲ್ಲಿ ಕ್ಯೂ ನಿಲ್ಲಾದಾ?"

"ಹಂಗಾರೆ ಇಂಜಿನ್ನಿಗೆ ಕೊಬ್ರಿ ಎಣ್ಣೆ ಹಚ್ಚಿ ತಲೆ ಬಾಚ್ತೀಯೇನಣ್ಣ?"

"ನಗು ನಗು. ನಿನ್ ಟ್ರ್ಯಾಕ್ಟರು ಮನೆ ಮುಂದೆ ನಿಂತ್ಕಂಡಾಗ ಅದ್ರ ತಲೆನೂ ಬಾಚ್ಕೊಡ್ತೀನಿ."

ನಮ್ಮ ಕಡೆ ಕಾಯನ್ನು ಸುಲಿಯದೆ ಅಟ್ಟದ ಮೇಲೆ ವರ್ಷದ ಹತ್ತಿರ ಇಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಹಾಗೆ ಇಟ್ಟ ಕಾಯಲ್ಲಿ ಕೆಲವು ಕೆಡುತ್ತವೆ, ಒಡೆದರೆ ಕೌಟು ವಾಸನೆ. ಆ ಕೊಬ್ಬರಿಯನ್ನು ಮಾರುಕಟ್ಟೆಯಲ್ಲಿ ಯಾರೂ ಮೂಸುವುದಿಲ್ಲ. ಅಣ್ಣ ನಮ್ಮದನ್ನೂ ಅಕ್ಕಪಕ್ಕದವರದನ್ನೂ ಗುಡ್ಡೆ ಮಾಡಿ, ಎಣ್ಣೆ ಮಿಲ್ಲಿಗೆ ಹಾಕಿಸಿ, ಕ್ಯಾನುಗಳಲ್ಲಿ ತುಂಬಿಕೊಂಡು ಬಂದ. ಇಂಜಿನ್ ಮನೆಯ ಗೋಡೆಗೆ ಒಂದು ತೊಟ್ಟಿ ಕೂರಿಸಿದ. ಚಿಕ್ಕ ಡಬ್ಬಿಯ ಡೀಸೆಲ್ಲಿನಲ್ಲಿ, ಹ್ಯಾಂಡಲ್ ತಿರುಗಿಸಿ ಇಂಜಿನ್ ಹೊಡೆದು, ಅದು ಬಿಸಿಯಾದ ಮೇಲೆ ತೊಟ್ಟಿಯ ನಲ್ಲಿ ತಿರುಗಿಸಿ ಎಣ್ಣೆಗೆ ಬಿಡುತ್ತಿದ್ದ. ನಿಲ್ಲಿಸುವ ಮುಂಚೆ ಮತ್ತೆ ಒಂದು ಗುಟುಕು ಡೀಸೆಲ್. ಅದಕ್ಕೆ ಬಾಯಿ ಮುಕ್ಕಳಿಸುವುದು ಎನ್ನುತ್ತಿದ್ದ.

ಯುಗಾದಿಯಿಂದ ಮುಂಗಾರಿನವರೆಗೆ ಇಂಜಿನ್ನು ನಿಜವಾಗಿಯೂ ಎಣ್ಣೆಯಲ್ಲೇ ಓಡಿತು. ಇದನ್ನು ನಾನು ಗಟ್ಟಿಯಾಗಿ ಹೇಳಬಲ್ಲೆ.

ಅಣ್ಣನಿಗೆ ಮಂಡಿನೋವು, ಹತ್ತಿ ಇಳಿಯಲು ಆಗುತ್ತಿರಲಿಲ್ಲ. ಆದ್ದರಿಂದ ಸ್ಟೂಲು ಹತ್ತಿ ತೊಟ್ಟಿಗೆ ಎಣ್ಣೆ ಸುರಿಯುವುದು ನನ್ನ ಪಾಲಿಗೆ ಬಂತು. ಬೇಸಿಗೆಯಲ್ಲಿ ಅದು ಕೆಲಸವೇ ಅಲ್ಲ. ಆಷಾಢ ಬಂದು ಗಾಳಿ, ಸಸಿಯ ಬೇರಿಗೆ ಇಳಿಯದ ಸೋನೆ ಶುರುವಾದಾಗ ಕ್ಯಾನಿನ ಎಣ್ಣೆ ಬೆಳಗಿನ ಹೊತ್ತು ತುಪ್ಪದ ಹಾಗೆ ಹೆಪ್ಪುಗಟ್ಟತೊಡಗಿತು. ಹಂಡೆ ಒಲೆಯ ಮೇಲೆ ಪಾತ್ರೆ ಇಟ್ಟು, ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆರುವ ಮೊದಲು ಬಾವಿಗೆ ಹೊರಬೇಕು. ಒಲೆಗೆ ಹಾಕುವ ತೆಂಗಿನ ಮಟ್ಟೆ ಮಳೆಗೆ ನೆನೆದಿರುತ್ತಿತ್ತು. ಊದಿ ಊದಿ ನನ್ನ ಕಣ್ಣು ಉರಿದು ಹೋಗುತ್ತಿತ್ತು.

ಒಂದು ದಿನ ಒಲೆ ಹತ್ತಲೇ ಇಲ್ಲ. ಅರೆಬರೆ ಕರಗಿದ್ದನ್ನೇ ಒಯ್ದು ಸುರಿದೆ. ಇಂಜಿನ್ನು ಸ್ವಲ್ಪ ಓಡಿ, ಕೆಮ್ಮಿ, ನಿಂತುಬಿಟ್ಟಿತು. ಅಣ್ಣ ಫಿಲ್ಟರು ಬಿಚ್ಚಿದ, ಎಣ್ಣೆ ಚಿಮ್ಮುವ ನಾಜಲ್ ಬಿಚ್ಚಿದ, ಎಲ್ಲ ತೊಳೆದು ಕೂಡಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಮೈಯೆಲ್ಲ ಮಸಿ. ಟ್ರ್ಯಾಕ್ಟರಿನವನು ಬೇಲಿಯ ಆಚೆ ನಿಂತು, "ಏನಣ್ಣ, ಇಂಜಿನ್ನಿಗೆ ನೆಗಡಿ ಆಯ್ತಾ? ಮೆಣಸಿನ ಕಷಾಯ ಕುಡ್ಸು" ಎಂದ. ಅಣ್ಣ ಯಾವಾಗಲೂ ತಿರುಗಿ ಒಂದು ಮಾತು ಎಸೆಯುವವನು, ಅವತ್ತು ತಲೆ ಎತ್ತದೆ ಸ್ಪಾನರುಗಳನ್ನು ಚೀಲಕ್ಕೆ ತುಂಬಿದ. ಎಣ್ಣೆ ಸರಿಯಾಗಿ ಕರಗಿರಲಿಲ್ಲ ಎಂದು ನಾನು ಹೇಳಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವನೇ ಹೇಳಿದ: "ತಪ್ಪು ಎಲ್ಲಿ ಅಂತ ಗೊತ್ತಾಯ್ತು ಕಣಮ್ಮಿ. ಪೈಪಲ್ಲಿ ಎಣ್ಣೆ ತಣ್ಣಗಾಯ್ತೈತೆ. ಸೈಲೆನ್ಸರಿಗೆ ಪೈಪು ಸುತ್ತಿದ್ರೆ ಅದ್ರ ಬಿಸಿಗೇ ಕರಗ್ತದೆ."

ತಿಪಟೂರಿನಿಂದ ತಾಮ್ರದ ಪೈಪು ತಂದು, ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿ, ಸೈಲೆನ್ಸರಿಗೆ ಬಳ್ಳಿ ಹಬ್ಬಿದ ಹಾಗೆ ಸುತ್ತಿದ. ನೋಡಲು ಚೆನ್ನಾಗಿತ್ತು. ಮಾರನೆಯ ಬೆಳಿಗ್ಗೆ ಅದರ ಪರೀಕ್ಷೆ. ಹೊರಗೆ ಸೋನೆ ಹಿಡಿದಿತ್ತು. ಒಲೆಯ ಮುಂದೆ ಕೂತವಳಿಗೆ ಆ ಹಸಿ ಮಟ್ಟೆ ನೋಡಿಯೇ ಅಳು ಬಂತು. ಪೈಪು ಕೆಲಸ ಮಾಡದೆ ಹೋದರೆ ಅವನು ಮತ್ತೆ ಇಡೀ ದಿನ ಮಸಿಯಲ್ಲಿ ಕೂರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಬೇಲಿ ದಾಟಿ ಹೋಗಿ ಟ್ರ್ಯಾಕ್ಟರಿನವನ ಹತ್ತಿರ ಒಂದು ಕ್ಯಾನು ಡೀಸೆಲ್ ಕೇಳಿದೆ.

"ಯಾತಕ್ಕಕ್ಕಾ?"

"ಇಂಜಿನ್ನಿಗೆ ಕಣಪ್ಪ. ಅಣ್ಣಂಗೆ ಹೇಳ್ಬ್ಯಾಡ."

ಅವನು ನನ್ನ ಮುಖ ನೋಡಿ ನಕ್ಕ. ಆಮೇಲೆ ನಗು ನಿಲ್ಲಿಸಿ ಕ್ಯಾನು ತುಂಬಿಸಿ ಕೊಟ್ಟ.

ಡೀಸೆಲ್ ಸುರಿದು, ವಾಸನೆ ಇರಲಿ ಎಂದು ಮೇಲೊಂದು ಚೊಂಬು ಎಣ್ಣೆ ಹಾಕಿದೆ. ಇಂಜಿನ್ನು ಎಲ್ಲೂ ತಡವರಿಸದೆ ಓಡಿತು. ಅಣ್ಣ ತಾಮ್ರದ ಪೈಪಿನ ಹತ್ತಿರ ಕೈ ಹಿಡಿದು, ಬಿಸಿ ನೋಡಿ, ನನ್ನ ಕಡೆ ತಿರುಗಿ ತಲೆಯಾಡಿಸಿದ. ನಾನೂ ತಲೆಯಾಡಿಸಿದೆ.

ಕನಿಕರದಿಂದ ಮಾಡಿದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಮೊದಲ ದಿನ ಕನಿಕರ ಇದ್ದಿರಬಹುದು. ಆಮೇಲಿನದು ಬರೀ ಸೋಮಾರಿತನ. ಒಲೆ ಊದುವುದು ತಪ್ಪಿತು, ಕಣ್ಣುರಿ ತಪ್ಪಿತು. ಕರಗಿಸದ ಎಣ್ಣೆಯ ಕ್ಯಾನುಗಳನ್ನು ಟ್ರ್ಯಾಕ್ಟರಿನವನು ಸೋಪು ಮಾಡುವವರಿಗೆ ಕೊಟ್ಟು ಅದಕ್ಕೆ ಬದಲಾಗಿ ಡೀಸೆಲ್ ತಂದುಕೊಡುತ್ತಿದ್ದ. ಬಿಸಿಲು ಬಂದ ದಿನ ಎಣ್ಣೆ ಹಾಕೋಣ ಎಂದುಕೊಳ್ಳುತ್ತಿದ್ದೆ. ಬಿಸಿಲು ಬಂದ ದಿನವೂ ಡೀಸೆಲ್ಲಿನ ಕ್ಯಾನೇ ಕೈಗೆ ಸಿಗುತ್ತಿತ್ತು. ಅಣ್ಣ ಒಂದು ಸಲವೂ ತೊಟ್ಟಿಯ ಮುಚ್ಚಳ ತೆಗೆದು ನೋಡಲಿಲ್ಲ. ನಾನು ಸುರಿದಿದ್ದೇನೆ ಎಂದರೆ ಅವನಿಗೆ ಮುಗಿಯಿತು.

ಸುದ್ದಿ ಹರಡಿತು. ಬೋರನಕಣಿವೆಯ ಕಡೆಯಿಂದ ಒಂದಷ್ಟು ಜನ ರೈತರು ಟೆಂಪೋ ಮಾಡಿಕೊಂಡು ನೋಡಲು ಬಂದರು. ಅಣ್ಣ ಬಿಳಿ ಅಂಗಿ ಹಾಕಿಕೊಂಡು ಇಂಜಿನ್ ಹೊಡೆದ. ಚಳಿಯಲ್ಲೂ ಓಡುತ್ತದೆ, ಎಲ್ಲ ಈ ಸುತ್ತಿನ ಮಹಿಮೆ ಎಂದು ತಾಮ್ರದ ಪೈಪು ತೋರಿಸಿದ. ಅವರಲ್ಲಿ ವಯಸ್ಸಾದ ಒಬ್ಬರು, "ನಮ್ಮ ಕಾಲಕ್ಕೆ ಡೀಸೆಲ್ಲು ಇರ್ತದೆ ಬುಡಿ. ಮೊಮ್ಮಕ್ಕಳ ಕಾಲಕ್ಕೆ ಇಂಥದ್ದೇ ಬೇಕಾಯ್ತದೆ" ಎಂದು ಅಣ್ಣನ ಕೈ ಹಿಡಿದುಕೊಂಡರು. ನಾನು ಎಲ್ಲರಿಗೂ ಮಜ್ಜಿಗೆ ಕೊಡುತ್ತಿದ್ದೆ. ತೊಟ್ಟಿಯಲ್ಲಿ ಅವತ್ತೂ ಡೀಸೆಲ್ಲೇ ಇತ್ತು.

ಕಾರ್ತಿಕದಲ್ಲಿ ಸರ್ಕಾರದ ಸೋಲಾರ್ ಪಂಪಿಗೆ ಹೆಸರು ಬರೆದುಕೊಳ್ಳಲು ಊರಿಗೆ ಜನ ಬಂದರು. ಕರೆಂಟು ಇಲ್ಲದ ಬಾವಿಗಳಿಗೆ ಮೊದಲು ಎಂದರು. ನಮ್ಮದೇ ಅಂಥ ಬಾವಿ. ಅಣ್ಣ ಜಗುಲಿಯಲ್ಲಿ ಕೂತು, "ನಂಗೆ ಬ್ಯಾಡ. ನಮ್ ಎಣ್ಣೆ ಐತೆ. ನನ್ ಪಾಲಿಂದು ಇಲ್ಲದವರಿಗೆ ಕೊಡ್ರಿ" ಎಂದ. ಅದನ್ನು ಜಂಬಕ್ಕೆ ಹೇಳಲಿಲ್ಲ, ತನಗೆ ಸಾಕಷ್ಟಿದೆ ಎಂದು ನಂಬಿ ಹೇಳಿದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಬರೆದುಕೊಳ್ಳಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಯಾಕೆ ಎಂದು ಕೇಳುತ್ತಿದ್ದ, ನಾನು ಹೇಳಬೇಕಾಗುತ್ತಿತ್ತು. ಒಳಗೆ ಹೋಗಿ ಹುರುಳಿ ಆರಿಸುತ್ತಾ ಕೂತೆ. ಆ ಪಂಪು ಟ್ರ್ಯಾಕ್ಟರಿನವನಿಗೆ ಹೋಯಿತು.

ಮಾರ್ಗಶಿರದಲ್ಲಿ ಮಗಳ ಬಾಣಂತನಕ್ಕೆ ನಾನು ದಬ್ಬೇಘಟ್ಟಕ್ಕೆ ಹೊರಟೆ. ಆ ವರ್ಷ ಚಳಿ ಜೋರಾಗಿತ್ತು. ಬಸ್ಸು ಹತ್ತಿಸಲು ಬಂದ ಅಣ್ಣ, "ಎಣ್ಣೆ ನಾನೇ ಕಾಯಿಸ್ಕೋತೀನಿ, ನೀನು ಮಗು ನೋಡ್ಕೋ ಹೋಗು" ಎಂದ. ಸ್ಟೂಲು ಹತ್ತುವಾಗ ಹುಷಾರು ಎಂದು ನಾನು ಹೇಳಿದೆ. ಹೇಳಬೇಕಾದ್ದನ್ನು ಬಿಟ್ಟು ಸ್ಟೂಲಿನ ಮಾತಾಡಿದೆ.

ವಾರ ಕಳೆಯುವುದರೊಳಗೆ ಫೋನು ಬಂತು.

"ಅಮ್ಮಿ, ಇಂಜಿನ್ನು ಓಡ್ತಿಲ್ಲ ಕಣೇ. ಹೊಡ್ದಾಗ ಓಡ್ತದೆ, ಎಣ್ಣೆಗೆ ಬಿಟ್ಟ ಸ್ವಲ್ಪ ಹೊತ್ತಿಗೆ ನಿಂತೋಯ್ತದೆ."

"ಕಾಯಿಸಿ ಹಾಕ್ದಾ ಅಣ್ಣ?"

"ಕುದಿಯೋಂಗೆ ಕಾಯಿಸಿದ್ದೆ. ಸೋಸ್ದೆ. ನೀನು ಇನ್ನೇನಾರ ಮಾಡ್ತಿದ್ಯಾ? ಯಾವ್ದಾರ ಬಟ್ಟೆ? ಯಾವ್ದಾರ ಸೌದೆ? ಗ್ಯಪ್ತಿ ಮಾಡ್ಕಂಡು ಹೇಳು."

ಮಗು ನನ್ನ ತೊಡೆಯ ಮೇಲಿತ್ತು. ಬೀಗಿತ್ತಿ ಪಕ್ಕದಲ್ಲೇ ಕೂತಿದ್ದರು. ಇವೆಲ್ಲ ನೆಪ. "ಏನಿಲ್ಲಣ್ಣ, ಅಷ್ಟೇ ಮಾಡ್ತಿದ್ದೆ" ಎಂದೆ.

ಅವನು, "ಹಂಗಾರೆ ನನ್ ಕೈಯಲ್ಲೇ ಏನೋ ತಪ್ಪೈತೆ" ಎಂದು ಫೋನು ಇಟ್ಟ.

ನಾನು ಮಾಡಿದ ಎಲ್ಲಕ್ಕಿಂತ ದೊಡ್ಡ ತಪ್ಪು ಆ ಒಂದು ಮಾತು. ಡೀಸೆಲ್ ಸುರಿದದ್ದು ಅದರ ಮುಂದೆ ಚಿಕ್ಕದು. ಅವನು ಬಾಯಿ ಬಿಟ್ಟು ಕೇಳಿದ್ದ.

ಆಮೇಲೆ ಅವನು ಇಂಜಿನ್ನನ್ನು ಪೂರ್ತಿ ಬಿಚ್ಚಿದನಂತೆ. ಇಲ್ಲದ ತಪ್ಪನ್ನು ಹುಡುಕಿ ಹುಡುಕಿ, ಕೊನೆಗೆ ಎಣ್ಣೆ ಚಿಮ್ಮುವ ಟೈಮಿಂಗನ್ನೇ ಬದಲಿಸಿದ. ಬೆಳಿಗ್ಗೆ ಹ್ಯಾಂಡಲ್ ಹಾಕಿ ತಿರುಗಿಸಿದಾಗ ಇಂಜಿನ್ನು ಹಿಂದಕ್ಕೆ ಒದೆಯಿತು. ಹ್ಯಾಂಡಲ್ ತಿರುಗಿ ಬಂದು ಬಲ ಮುಂಗೈಗೆ ಬಡಿಯಿತು. ಟ್ರ್ಯಾಕ್ಟರಿನವನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಲ್ಲಿಂದ ನನಗೆ ಫೋನು ಮಾಡಿದ. "ಅಕ್ಕ, ಮೂಳೆ ಎರಡು ಕಡೆ ಮುರಿದೈತೆ. ನೋವಿಗೆ ಅಳ್ತಿಲ್ಲ ಕಣಕ್ಕ. ನಂಗೆ ಇಂಜಿನ್ ಹೊಡೆಯೋದೇ ಮರೆತೋಯ್ತು ಅಂತ ಅಳ್ತಾವ್ನೆ." ಫೋನು ಇಡುವ ಮುಂಚೆ, "ನಾನು ಏನೂ ಹೇಳಿಲ್ಲ" ಎಂದ.

ಬಾಣಂತನ ಮುಗಿಸಿ ನಾನು ವಾಪಸು ಬಂದಾಗ ಕೈಯ ಕಟ್ಟು ಬಿಚ್ಚಿದ್ದರು. ಬೆರಳು ಪೂರ್ತಿ ಮಡಚಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಊರಿನ ಚಹದಂಗಡಿಯಲ್ಲಿ ಜನ ಅವನನ್ನು ನೋಡಿ ನಗುತ್ತಿರಲಿಲ್ಲ, ಬೇರೆ ಮಾತು ತೆಗೆಯುತ್ತಿದ್ದರು. ಅದು ಅವನಿಗೆ ಇನ್ನೂ ಕಷ್ಟವಾಯಿತು. ಬೇಲಿಯ ಆಚೆ ಸೋಲಾರ್ ಹಲಗೆಗಳು ಬಂದು, ಟ್ರ್ಯಾಕ್ಟರಿನವನ ಪಂಪು ಹೊತ್ತೇರುತ್ತಿದ್ದಂತೆ ಸದ್ದಿಲ್ಲದೆ ನೀರು ಎತ್ತುತ್ತಿತ್ತು. ಪುಣ್ಯಾತ್ಮ ನಮ್ಮ ಸಸಿಗಳಿಗೂ ಒಂದು ಪೈಪು ಬಿಟ್ಟ. ಸಸಿಗಳಿಗೆ ಏನೂ ಆಗಲಿಲ್ಲ.

ನಾನು ಹೇಳಿದ್ದು ಆ ಬೇಸಿಗೆಯಲ್ಲಿ. ಹೇಳಬೇಕೆಂದು ಧೈರ್ಯ ಮಾಡಿಕೊಂಡು ಹೇಳಿದ್ದಲ್ಲ. ಒಂದು ಮಧ್ಯಾಹ್ನ ಅಣ್ಣ ಸ್ಪಾನರ್ ಚೀಲವನ್ನು ಜಗುಲಿಗೆ ತಂದು ಸುರಿದು, ಒಂದೊಂದನ್ನೇ ಎಡಗೈಯಲ್ಲಿ ಒರೆಸಿ, ಟ್ರ್ಯಾಕ್ಟರಿನವನ ಮುಂದೆ ಇಟ್ಟ.

"ತಗಂಡೋಗ್ಲಾ."

"ಯಾಕಣ್ಣ, ಕೈ ವಾಸಿ ಆದ್ಮೇಲೆ ಬೇಕಾಯ್ತವೆ, ಇಟ್ಕೋ."

"ಕೈ ವಾಸಿ ಆದ್ರೂ ಕೆಲಸ ಬರಬೇಕಲ್ಲ. ಹೋದ ವರ್ಷ ಓಡಿಸಿದ್ದನ್ನ ಈ ವರ್ಷ ಓಡ್ಸಕೆ ಬರ್ಲಿಲ್ಲ ಅಂದ್ರೆ ತಲೆ ಕೆಟ್ಟದೆ ಅಂತ್ಲೇ ಅರ್ಥ. ನಮ್ಮಪ್ಪಂಗೂ ಹಿಂಗೇ ಶುರು ಆಗಿತ್ತು."

ನಮ್ಮಪ್ಪ ಕೊನೆಗಾಲದಲ್ಲಿ ಮನೆಯ ದಾರಿಯನ್ನೇ ಮರೆತಿದ್ದ. ಅಣ್ಣ ಮಾರ್ಗಶಿರದಿಂದ ಆ ಭಯವನ್ನು ಒಬ್ಬನೇ ಇಟ್ಟುಕೊಂಡಿದ್ದ. ಟ್ರ್ಯಾಕ್ಟರಿನವನು ನನ್ನ ಕಡೆ ನೋಡಿದ. ನಾನು ನಿಂತಲ್ಲೇ ಹೇಳಿಬಿಟ್ಟೆ. ಆಷಾಢದ ಸೋನೆ, ಹತ್ತದ ಒಲೆ, ಡೀಸೆಲ್ ಕ್ಯಾನು, ಮೇಲೊಂದು ಚೊಂಬು ಎಣ್ಣೆ, ಸೋಪಿನವರು, ಫೋನಿನಲ್ಲಿ ಆಡಿದ ಸುಳ್ಳು. ಟ್ರ್ಯಾಕ್ಟರಿನವನು ತಲೆ ತಗ್ಗಿಸಿ ಎದ್ದು ಹೋದ.

ಅಣ್ಣ ಬಯ್ಯಲಿಲ್ಲ. ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಅವನು ಕೇಳಿದ್ದು ಬರೀ ಕೆಲಸದ ಮಾತು.

"ಪೈಪು ಸುತ್ತಿದ ಮಾರನೇ ದಿನಾನೇ ಡೀಸೆಲ್ಲಾ?"

"ಹೂಂ ಅಣ್ಣ."

"ಅಂದ್ರೆ ನೀನು ಬಾಣಂತನಕ್ಕೆ ಹೋಗೋಗಂಟ ಆ ಪೈಪಲ್ಲಿ ಚಳೀಲಿ ಒಂದು ದಿನಾನೂ ಬರೀ ಎಣ್ಣೆ ಹರೀಲಿಲ್ಲ."

"ಇಲ್ಲ."

"ಬೋರನಕಣಿವೆಯವ್ರು ಬಂದಾಗ?"

"ಅವತ್ತೂ ಅಷ್ಟೇ."

ಅವನು ಎದ್ದು ಬಾವಿಯ ಹತ್ತಿರ ಹೋದ. ನಾನೂ ಹಿಂದೆ ಹೋದೆ. ಇಂಜಿನ್ನಿನ ಮೇಲೆ ತೆಂಗಿನ ಗರಿ ಬಿದ್ದಿತ್ತು, ಅದನ್ನು ಎಳೆದು ಹಾಕಿದ. ತಾಮ್ರದ ಸುತ್ತಿನ ಮೇಲೆ ಎಡಗೈ ಆಡಿಸಿದ, ತೊಟ್ಟಿಯಿಂದ ಅದಕ್ಕೆ ಬರುವ ಪೈಪಿನ ಉದ್ದ ನೋಡಿದ, ಕಣ್ಣಿನಲ್ಲೇ ಏನೋ ಅಳೆದ.

"ಸುತ್ತು ಸಾಲ್ತಿರ್ಲಿಲ್ಲ ಅಷ್ಟೇ" ಎಂದ. "ತೊಟ್ಟಿ ದೂರ ಆಯ್ತು, ಸುತ್ತು ಕಮ್ಮಿ ಆಯ್ತು. ಇನ್ನೆರಡು ಸುತ್ತು ಹಾಕಿ ತೊಟ್ಟಿ ಹತ್ರಕ್ಕೆ ತಂದಿದ್ರೆ ಓಡ್ತಿತ್ತು. ಅವತ್ತೇ ನಿಂತೋಗಿದ್ರೆ ಅವತ್ತೇ ಗೊತ್ತಾಗ್ತಿತ್ತು." ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ, "ಆಗ ಕೈ ಇತ್ತಲ್ಲ ಅಮ್ಮಿ" ಎಂದ.

"ಈಗ್ಲೂ ಮಾಡಾನ ಅಣ್ಣ. ನೀನು ಹೇಳು, ನಾನು ಸುತ್ತುತೀನಿ" ಎಂದೆ.

"ಬುಡು."

ಈಗ ಎಲ್ಲ ಕಡೆ ಅದೇ ಮಾತು. ಡೀಸೆಲ್ ಬಿಡಬೇಕು, ಬಿಸಿಲು ನಂಬಬೇಕು, ಗಾಳಿ ನಂಬಬೇಕು, ನಮ್ಮದನ್ನು ನಾವೇ ಮಾಡಿಕೊಳ್ಳಬೇಕು. ಸಂಘದ ಸಭೆಗಳಲ್ಲಿ ಯಾರಾದರೂ ಎದ್ದು ನಿಂತು ನಮ್ಮಲ್ಲಿ ಆಗಲೇ ಓಡುತ್ತಿದೆ ಎಂದಾಗ, ಅವರ ತೊಟ್ಟಿಗೆ ಯಾರು ಏನು ಸುರಿಯುತ್ತಿದ್ದಾರೋ ಎಂದುಕೊಳ್ಳುತ್ತೇನೆ. ಕೆಟ್ಟು ನಿಂತ ಇಂಜಿನ್ನು ತಪ್ಪು ಎಲ್ಲಿದೆ ಎಂದು ತೋರಿಸಿಕೊಡುತ್ತದೆ. ನಾನು ಅದನ್ನು ನಿಲ್ಲಲು ಬಿಡಲಿಲ್ಲ.

ಆ ದಿನದಿಂದ ಅಣ್ಣನಿಗೆ ತಲೆ ಕೆಟ್ಟಿದೆ ಎಂಬ ಭಯ ಹೋಗಿದೆ. ಅಷ್ಟು ಮಾತ್ರ ನಾನು ಹಿಂದಕ್ಕೆ ಕೊಟ್ಟದ್ದು. ಊಟ ಬಡಿಸಿದರೆ ಉಣ್ಣುತ್ತಾನೆ, ಮಗಳ ಮಗು ಬಂದರೆ ಆಡಿಸುತ್ತಾನೆ. ಆದರೆ ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಸಿಕೊಳ್ಳಲು ನನ್ನ ಮುಂದೆ ಬಂದು ನಿಲ್ಲುತ್ತಿದ್ದವನು ಈಗ ಬರುವುದಿಲ್ಲ. ಕೋಣೆಯ ಬಾಗಿಲು ಮುಚ್ಚಿಕೊಂಡು ಎಡಗೈಯಲ್ಲಿ ತಾನೇ ಹಾಕಿಕೊಳ್ಳುತ್ತಾನೆ. ಬಹಳ ಹೊತ್ತು ಹಿಡಿಯುತ್ತದೆ. ನಾನು ಕಾಫಿ ಲೋಟ ಹಿಡಿದುಕೊಂಡು ಹೊರಗೆ ನಿಂತಿರುತ್ತೇನೆ.